ಮುದ್ದೆಯನ್ನು ಅಗಿಯಬಾರದು

ನಮ್ಮ ಗದುಗಿನ ಕಡೆ 'ಬ್ಯಾಡ' ಎಂದರೆ ಒಲ್ಲೆ ಎಂದರ್ಥ. ಬಡಿಸುವವರು ಮತ್ತೊಂದು ರೊಟ್ಟಿ ಹಿಡಿದು ಬಂದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿದು ನಾವು ಆಡುವ ಮಾತು ಅದು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿಯೇ ಪಾಠ ಹೇಳಿ ನಿವೃತ್ತನಾದ ನಾನು, ಮಡದಿ ತೀರಿಕೊಂಡ ಮೇಲೆ, 2021ರ ಕೊನೆಯಲ್ಲಿ ಬೆಂಗಳೂರಿಗೆ, ಮಗನ ಮನೆಗೆ ಹೊರಟು ನಿಂತೆ. ಆ ಮನೆ ಇರುವುದು ಬ್ಯಾಡರಹಳ್ಳಿಯಲ್ಲಿ ಎಂದು ತಿಳಿದಾಗ ಗೆಳೆಯರು ನಕ್ಕರು. "ಬರಬ್ಯಾಡ ಅಂತ ಊರಿನ ಹೆಸರ ಹೇಳಾಕತ್ತೈತಲ್ಲೋ ಮಾಸ್ತರ" ಎಂದರು. ಆ ಹೆಸರಿನಲ್ಲಿರುವವರು ಒಲ್ಲೆನ್ನುವವರಲ್ಲ, ಬೇಟೆಯಾಡುವ ಬೇಡರು ಎಂದು ನಾನು ಅವರಿಗೆ ಪದದ ಅರ್ಥ ಬಿಡಿಸಿ ಹೇಳಿದೆ. ಆದರೆ ನನ್ನ ಮನಸ್ಸಿನಲ್ಲಿಯೂ ಮೊದಲಿನ ಅರ್ಥವೇ ಕುಳಿತಿತ್ತು. ಅರವತ್ತು ದಾಟಿದವನಿಗೆ ಹೊಸ ಊರು ಯಾತಕ್ಕೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಹೊಸ ಊರಿಗೆ ಹೋಗಿ ನೆಲೆಸಿದವರು ಅಲ್ಲಿನ ಊಟ ಉಪಾಹಾರಗಳನ್ನು, ಸಂಜೆಯ ಕೂಟಗಳನ್ನು, ರಜಾ ದಿನದ ತಿರುಗಾಟಗಳನ್ನು ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ ಎಂಬ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದಾರೆ. ಈ ವಿಷಯದಲ್ಲಿ ನಾನು ಪಂಡಿತನಲ್ಲ. ಯಾವ ಹೋಟೆಲಿನಲ್ಲಿ ಯಾವ ತಿಂಡಿ ಶ್ರೇಷ್ಠ ಎಂದು ಪಟ್ಟಿ ಕೊಡುವ ಸಾಮರ್ಥ್ಯ ನನಗಿಲ್ಲ. ನನಗೆ ಗೊತ್ತಿರುವುದು ಒಂದು ಸಣ್ಣ ಕಥೆ. ಒಬ್ಬ ಮುದುಕ ಒಂದು ಊರನ್ನು ಗಂಟಲಿನಿಂದ ಕೆಳಗಿಳಿಸಲು ಎಷ್ಟು ಕಾಲ ತೆಗೆದುಕೊಂಡ ಎಂಬ ಕಥೆ ಅದು. ಅದನ್ನೇ ಹೇಳುತ್ತೇನೆ.

ಬ್ಯಾಡರಹಳ್ಳಿ ಇರುವುದು ಬೆಂಗಳೂರಿನ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಮೇಲೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿದರೆ, ಬಲಗಡೆಗೆ ರಾಜಾಜಿನಗರ, ಬಸವೇಶ್ವರನಗರಗಳನ್ನೂ ಎಡಗಡೆಗೆ ವಿಜಯನಗರವನ್ನೂ ಬಿಟ್ಟು, ಟೋಲ್‌ಗೇಟು, ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಕೊಟ್ಟಿಗೆಪಾಳ್ಯ, ಸುಂಕದಕಟ್ಟೆ, ಹೇರೋಹಳ್ಳಿ, ಅಂಜನಾನಗರ ಎಂದು ಹೆಸರುಗಳನ್ನು ಎಣಿಸುತ್ತ ಬರಬೇಕು. ಕನ್ನಡ ಮೇಷ್ಟರಿಗೆ ಈ ಹೆಸರುಗಳೇ ಒಂದು ಪಾಠ. ಟೋಲ್‌ಗೇಟು ಎಂದರೂ ಸುಂಕದ ಕಟ್ಟೆಯೇ, ಸುಂಕದಕಟ್ಟೆ ಎಂದರೂ ಸುಂಕದ ಕಟ್ಟೆಯೇ. ಊರು ಇಲ್ಲಿಗೆ ಮುಗಿಯಿತು, ಒಳಗೆ ಬರುವವರು ತೆರಿಗೆ ಕೊಡಿ ಎಂದು ಒಂದು ಕಾಲ ಇಂಗ್ಲಿಷಿನಲ್ಲಿಯೂ ಮತ್ತೊಂದು ಕಾಲ ಕನ್ನಡದಲ್ಲಿಯೂ ಹೇಳಿದ ಗುರುತುಗಳು ಅವು. ಈಗ ಎರಡು ಕಟ್ಟೆಗಳೂ ಊರಿನ ನಡುವೆ ಇವೆ. 2007ರಲ್ಲಿ 7 ನಗರಸಭೆಗಳನ್ನೂ 1 ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿಕೊಂಡು ಬೆಂಗಳೂರು 'ಬೃಹತ್' ಎಂಬ ವಿಶೇಷಣ ಪಡೆಯಿತು. ಅಂದಿನಿಂದ ಮಾಗಡಿ ರಸ್ತೆಯಲ್ಲಿ ನಗರ ಎಲ್ಲಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸುವುದು ಕಷ್ಟ.

ಬಂದ ಮೊದಲ ವರ್ಷ ನಾನು ಬ್ಯಾಡರಹಳ್ಳಿಯಲ್ಲಿ ಇದ್ದೆನೇ ಹೊರತು ಬಾಳಲಿಲ್ಲ. ಮಗನೂ ಸೊಸೆಯೂ ಬೆಳಿಗ್ಗೆ ಎಂಟಕ್ಕೆ ಹೊರಟರೆ ರಾತ್ರಿ ಎಂಟಕ್ಕೆ ಬರುವವರು. ಗದುಗಿನಿಂದ ತಂಗಿ ಬಸ್ಸಿನಲ್ಲಿ ಕಟಕ ರೊಟ್ಟಿಯ ಗಂಟು, ಗುರೆಳ್ಳು ಚಟ್ನಿ, ಕೆಂಪು ಖಾರ ಕಳಿಸುತ್ತಿದ್ದಳು. ಗಂಟು ಬರುವ ದಿನ ನನಗೆ ಹಬ್ಬ, ಮುಗಿಯುವ ದಿನ ಸೂತಕ. ನಡುವಿನ ದಿನಗಳಲ್ಲಿ ಬಸ್ಸು ಹಿಡಿದು ವಿಜಯನಗರಕ್ಕೋ ರಾಜಾಜಿನಗರಕ್ಕೋ ಹೋಗಿ ಜೋಳದ ರೊಟ್ಟಿಯ ಖಾನಾವಳಿಗಳನ್ನು ಹುಡುಕುತ್ತಿದ್ದೆ. ನಗರದ ಈ ಭಾಗದಲ್ಲಿ ಅಂಥ ಖಾನಾವಳಿಗಳಿಗೆ ಕೊರತೆಯಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಝುಣಕ, ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಶೇಂಗಾ ಚಟ್ನಿಯ ಮೇಲೆ ಗಟ್ಟಿ ಮೊಸರು. ಮೊದಲ ತುತ್ತಿಗೆ ಕಣ್ಣು ತುಂಬಿ ಬರುತ್ತಿತ್ತು. ಖಾರದಿಂದ ಎಂದು ಪಕ್ಕದವರಿಗೆ ಹೇಳುತ್ತಿದ್ದೆ.

ಒಂದು ದಿನ ವಿಜಯನಗರದ ಖಾನಾವಳಿಯಲ್ಲಿ ಎದುರಿಗೆ ಕುಳಿತ ಹುಡುಗ ಕೊಪ್ಪಳದ ಕಡೆಯವನು. ಸರಕಾರಿ ನೌಕರಿಯ ಪರೀಕ್ಷೆಗೆ ಓದಲು ಬಂದವನು. ವಿಜಯನಗರದ ಓಣಿಗಳಲ್ಲಿ ಅಂಥವರಿಗೆ ಪಾಠ ಹೇಳುವ ಕೇಂದ್ರಗಳು ಸಾಲುಸಾಲಾಗಿವೆ. ಆ ಖಾನಾವಳಿಗಳು ನಡೆಯುವುದೇ ಬಹುಮಟ್ಟಿಗೆ ಆ ಹುಡುಗರಿಂದ. "ಬೆಂಗಳೂರಿಗೆ ಬಂದು ಎಷ್ಟ್ ದಿನ ಆತ್ರಿ ಸರ?" ಎಂದು ಕೇಳಿದ. ವರ್ಷವಾಯಿತು ಎಂದೆ. "ಏನೇನ್ ನೋಡೀರಿ, ಏನೇನ್ ತಿಂದೀರಿ?" ಎಂದ. ರೊಟ್ಟಿ ಮುರಿಯುತ್ತಿದ್ದ ನನ್ನ ಕೈ ನಿಂತಿತು. ಬೆಂಗಳೂರಿನಲ್ಲಿ ನಾನು ತಿಂದದ್ದು ಗದುಗನ್ನು, ನೋಡಿದ್ದು ಗದುಗಿನವರನ್ನು. ನಾಳೆ ಪರೀಕ್ಷೆ ಪಾಸಾದರೆ ಆ ಹುಡುಗ ಯಾವ ಜಿಲ್ಲೆಗೆ ಹೋಗುತ್ತಾನೋ ಅಲ್ಲಿನ ಅನ್ನ ಉಣ್ಣಲು ಸಿದ್ಧನಾಗಿದ್ದ. ನಾನು ಮಾತ್ರ ತಾಟಿನ ಮೇಲೆ ಕೈ ಅಡ್ಡ ಹಿಡಿದುಕೊಂಡೇ ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ತಿಂಡಿ ಬೇಡವೆಂದು ಹೇಳಿ ಬೀದಿಯ ಮೂಲೆಯ ದರ್ಶಿನಿಗೆ ಹೋದೆ. ದರ್ಶಿನಿ ಎಂಬುದು ಬೆಂಗಳೂರು ನಾಡಿಗೆ ಕೊಟ್ಟ ಒಂದು ವಿಶಿಷ್ಟ ಸಂಸ್ಥೆ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ತೆರೆಯಿತು. ಅಲ್ಲಿ ಕುರ್ಚಿಯಿಲ್ಲ, ಮಾಣಿಯಿಲ್ಲ. ಚೀಟಿ ಕೊಳ್ಳಬೇಕು, ಒಲೆಯ ಎದುರಿಗೇ ನಿಂತು ಕೇಳಿ ಪಡೆಯಬೇಕು, ನಿಂತೇ ತಿನ್ನಬೇಕು. ನಿಂತು ತಿನ್ನುವುದು ಕುದುರೆಯ ಲಕ್ಷಣ ಎಂದು ನಮ್ಮಲ್ಲಿ ಹಿರಿಯರು ಬೈಯುತ್ತಿದ್ದರು. ನಾಚಿಕೆಯಿಂದ ಗೋಡೆಯ ಕಡೆಗೆ ಮುಖ ಮಾಡಿ ತಟ್ಟೆ ಇಡ್ಲಿ ಹಿಡಿದು ನಿಂತೆ. ಬಟ್ಟಲಿನಲ್ಲಿ ಅಲ್ಲ, ಅಗಲವಾದ ಚಪ್ಪಟೆ ತಟ್ಟೆಯಲ್ಲಿ ಬೇಯಿಸಿದ ಇಡ್ಲಿ ಅದು; ಮೈಸೂರು ರಸ್ತೆಯ ಬಿಡದಿಯೂ ತುಮಕೂರಿನ ಕ್ಯಾತ್ಸಂದ್ರವೂ ಅದರ ಎರಡು ಪೀಠಗಳು. ಮೇಲೆ ಒಂದು ಬೆಣ್ಣೆಯ ಉಂಡೆ ಕರಗುತ್ತಿತ್ತು.

"ಒಬ್ರೇ ಬಂದೀರಾ? ಬೈಟು ಹೇಳ್ಲಾ?" ಎಂಬ ದನಿ ಬೆನ್ನ ಹಿಂದೆ ಕೇಳಿತು. ಬಿಳಿ ಪಂಚೆ, ಹೆಗಲ ಮೇಲೆ ಚೌಕುಳಿಯ ಟವೆಲು, ಎಪ್ಪತ್ತರ ಆಸುಪಾಸಿನ ಎತ್ತರದ ಆಳು. ನಮ್ಮ ಬೀದಿಯ ಕೊನೆಯ ಹಳೆಯ ಹೆಂಚಿನ ಮನೆಯವರು. ಹೆಸರು ಹೇಳಿದರೆ ಅವರಿಗೆ ಸಂಕೋಚ. ಊರೆಲ್ಲ ಕರೆಯುವಂತೆ ಯಜಮಾನರು ಎನ್ನೋಣ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದಕ್ಕೆ ಬೆಂಗಳೂರಿನವರು ಬೈಟು ಎನ್ನುತ್ತಾರೆ. ಜಿಪುಣತನದ ಪದ್ಧತಿ ಎಂದು ಕೇಳಿದ್ದೆ. ಅಂದು ತಿಳಿಯಿತು, ಅದು ಪರಿಚಯದ ಪದ್ಧತಿ. ಇಡೀ ಕಾಫಿ ಕೊಡಿಸಿದರೆ ಋಣವಾಗುತ್ತದೆ; ಅರ್ಧ ಕಾಫಿ ಹಂಚಿಕೊಂಡರೆ ಅರ್ಧ ಗಳಿಗೆಯ ಮಾತಿಗೆ ಸಾಕು. ನಾನು ಮೇಷ್ಟರೆಂದು ತಿಳಿದ ಕೂಡಲೇ "ಹಂಗಾದ್ರೆ ಮೇಷ್ಟ್ರೇ, ನೀವಿರೋ ಮನೆ ನಮ್ಮ ರಾಗಿ ಹೊಲ" ಎಂದರು. ದೂರಿನ ದನಿಯಿರಲಿಲ್ಲ. ವಿಳಾಸ ಹೇಳಿದಂತೆ ಹೇಳಿದರು.

ಹೀಗೆ ಗದುಗಿನ ಮಾಸ್ತರ ಬ್ಯಾಡರಹಳ್ಳಿಯ ಮೇಷ್ಟ್ರಾದ. ಒಂದು ಭಾನುವಾರ ಅವರು ಮಧ್ಯಾಹ್ನದ ಊಟಕ್ಕೆ ಕರೆದರು. ನಮ್ಮ ಮನೆಯಲ್ಲಿ ಮಾಂಸದ ಅಡಿಗೆ ಇಲ್ಲವೆಂದು ತಿಳಿದು ಅಂದು ಬಸ್ಸಾರು ಮಾಡಿಸಿದ್ದರು. ಕಾಳು ಸೊಪ್ಪುಗಳನ್ನು ಬೇಯಿಸಿ, ಆ ಕಟ್ಟನ್ನು ಬಸಿದು ಸಾರು ಮಾಡುವುದು, ಬಸಿದುಳಿದದ್ದನ್ನು ಒಗ್ಗರಿಸಿ ಪಲ್ಯ ಮಾಡುವುದು. ಏನೊಂದೂ ವ್ಯರ್ಥವಾಗದ ಬಡವರ ಬುದ್ಧಿವಂತಿಕೆ ಅದರಲ್ಲಿದೆ. ಒಳಗೆ ಅವರ ಮನೆಯವರು ಕುದಿಯುವ ಎಸರಿಗೆ ರಾಗಿ ಹಿಟ್ಟು ಸುರಿದು, ಪಾತ್ರೆಯನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಕೋಲಿನಿಂದ ಗಂಟಿಲ್ಲದಂತೆ ತಿರುವುತ್ತಿದ್ದರು. ಆ ವಯಸ್ಸಿನಲ್ಲಿ ಆ ತೋಳಿನ ಬಲ ಕಂಡು ನನಗೆ ಆಶ್ಚರ್ಯವಾಯಿತು. ನೀರು ಮುಟ್ಟಿದ ಕೈಯಿಂದ ಉರುಟಿ ಕಟ್ಟಿದ ಮುದ್ದೆ ಹೊಳೆಯುವ ಕಪ್ಪು ಕಲ್ಲಿನಂತೆ ತಟ್ಟೆಗೆ ಬಂದು ಕುಳಿತಿತು.

ನಾನು ಒಂದು ತುಂಡು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟು ಅಗಿಯತೊಡಗಿದೆ. ಜೋಳದ ರೊಟ್ಟಿಯ ಹಲ್ಲು ನನ್ನದು, ಅಗಿಯದೆ ಊಟವೆಂಬುದಿಲ್ಲ. ಮುದ್ದೆ ಹಲ್ಲಿಗೆ ಹತ್ತಿತು, ಅಂಗಳಕ್ಕೆ ಅಂಟಿತು, ಅತ್ತ ಹೋಗದು ಇತ್ತ ಬಾರದು. ಯಜಮಾನರು ನಗಲಿಲ್ಲ. "ಅಗೀಬಾರ್ದು ಮೇಷ್ಟ್ರೇ. ಸಣ್ಣಕೆ ಮುರ್ಕಳಿ, ಸಾರಲ್ಲಿ ಹೊಳ್ಳಿಸಿ, ನುಂಗಿಬಿಡಿ. ನಂಬಿ ನುಂಗಬೇಕು" ಎಂದರು. ನಂಬಿದೆ. ಮೂರನೆಯ ತುತ್ತು ತಾನಾಗಿ ಇಳಿಯಿತು. ಮುದ್ದೆ ಅರ್ಧಕ್ಕೆ ಬಂದಾಗ ಮನೆಯಾಕೆ ಇನ್ನೊಂದು ಹಿಡಿದು ಬಂದರು. ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದು "ಬ್ಯಾಡ್ರೀ ಅಕ್ಕಾರ" ಎಂದೆ. "ಬ್ಯಾಡರಹಳ್ಳೀಲಿ ಬ್ಯಾಡ ಅನ್ನಂಗಿಲ್ಲ ಕಣಣ್ಣ" ಎಂದು ಆಕೆ ಮುದ್ದೆಯನ್ನು ಇಟ್ಟೇಬಿಟ್ಟರು.

ಅಂದು ಸಂಜೆ ನಡೆದು ಹೋಗುವಾಗ ನನಗೆ ಕನಕದಾಸರ 'ರಾಮಧಾನ್ಯ ಚರಿತ್ರೆ' ನೆನಪಾಯಿತು. ರಾಗಿಗೂ ಅಕ್ಕಿಗೂ ಯಾರು ಹೆಚ್ಚೆಂಬ ವಾದ ಹುಟ್ಟಿ, ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ತನ್ನ ಹೆಸರನ್ನೇ ಕೊಟ್ಟ ಕಥೆ. ಎಷ್ಟೋ ವರ್ಷ ಅದನ್ನು ಪಾಠ ಮಾಡಿದ್ದೇನೆ, ರಾಗಿಯನ್ನು ಉಂಡಿರಲಿಲ್ಲ. ಇನ್ನೊಂದು ಸಂಗತಿಯೂ ಇದೆ. ನಮ್ಮ ನೆಲದ ಧಾನ್ಯವೆಂದು ನಾವು ಎದೆ ತಟ್ಟಿಕೊಳ್ಳುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಸೀಮೆ. ಸಾವಿರಾರು ವರ್ಷಗಳ ಹಿಂದೆ ಅದು ಕಡಲು ದಾಟಿ ಬಂದಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ತಂದಾಗ, ಬೇರೆಯಾಗಿದ್ದ ನೆಂಟರನ್ನು ಮತ್ತೆ ಸೇರಿಸಿದಂತಾಯಿತು. ಇಂಡಿಯಾ, ಆಫ್ರಿಕ ಎರಡೂ ಆ ಹೆಸರಿನಲ್ಲಿವೆ. ಹಾಗಾದರೆ ನನ್ನ ಜೋಳ ಅಪ್ಪಟ ಗದುಗಿನದೇ? ಅದರ ತವರು ಸುಡಾನಿನ ಬಯಲು. ಕೆಂಪು ಖಾರದ ಮೆಣಸಿನಕಾಯಿಯಂತೂ ಅಮೆರಿಕದಿಂದ ಬಂದದ್ದು. ನಾನು ತಾಟಿನಲ್ಲಿಟ್ಟುಕೊಂಡು ಕಣ್ಣೀರಿಟ್ಟದ್ದು ಹೀಗೆ ಎಲ್ಲಿಂದಲೋ ಬಂದು ನೆಲೆಸಿದ ವಸ್ತುಗಳಿಗಾಗಿ. ಅವು ಬಂದವು, ಮಣ್ಣಿಗೆ ಒಗ್ಗಿದವು, ನಮ್ಮವಾದವು.

ಆ ವರ್ಷದ ಚಳಿಗಾಲದಲ್ಲಿ ಯಜಮಾನರು ನನಗೆ ಅವರೆಕಾಯಿಯ ದೀಕ್ಷೆ ಕೊಟ್ಟರು. ಡಿಸೆಂಬರು, ಜನವರಿಯಲ್ಲಿ ಮಾಗಡಿ ಸೀಮೆಯ ಅವರೆ ಬೆಂಗಳೂರಿನ ಪೇಟೆಗಳಿಗೆಲ್ಲ ಬರುತ್ತದೆ. ಮಾಗಡಿ ಅವರೆ ಎಂದರೆ ವ್ಯಾಪಾರಿಗಳು ದನಿ ಎತ್ತರಿಸುತ್ತಾರೆ. ಅದರ ಗುಣವನ್ನು ಸೊಗಡು ಎಂಬ ಒಂದೇ ಮಾತಿನಲ್ಲಿ ಹೇಳುವುದು ವಾಡಿಕೆ. ಮಂಜು ಬಿದ್ದ ರಾತ್ರಿಯ ಮಾರನೆಯ ದಿನ ಬಿಡಿಸಿದ ಕಾಯಿಯ ಸಿಪ್ಪೆಯಲ್ಲಿ ಜಿಡ್ಡಿನಂಥದೊಂದು ಅಂಟು ಇರುತ್ತದೆ. ಕೈಗೆ ಹತ್ತಿದ ಆ ವಾಸನೆ ಸೋಪಿಗೂ ಬಗ್ಗುವುದಿಲ್ಲ. ನೆನೆಸಿದ ಕಾಳನ್ನು ಎರಡು ಬೆರಳಿನ ನಡುವೆ ಹಿಡಿದು ಹಿಸುಕಿದರೆ ಬೇಳೆ ಪಟಕ್ಕನೆ ಹಾರಿ ಬೀಳುತ್ತದೆ. ಅದು ಹಿತಕಿದ ಬೇಳೆ. ಮುದುಕರೂ ಮಕ್ಕಳೂ ಸುತ್ತ ಕುಳಿತು ಹಿಸುಕಬೇಕಾದ ಕೆಲಸ; ಒಂಟಿಯಾಗಿ ಮಾಡಿದರೆ ಮುಗಿಯದು. ಬೆಂಗಳೂರಿನ ಹೆಸರಿಗೂ ಬೆಂದ ಕಾಳಿಗೂ ಸಂಬಂಧ ಕಲ್ಪಿಸುವ ಕಥೆ ನಿಮಗೆಲ್ಲ ಗೊತ್ತಿದೆ: ದಾರಿ ತಪ್ಪಿ ಹಸಿದು ಬಂದ ಬಲ್ಲಾಳರಾಯನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು. ಬಲ್ಲಾಳನಿಗಿಂತ ಎಷ್ಟೋ ಮೊದಲೇ, ಒಂಬತ್ತನೆಯ ಶತಮಾನದ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಎಂಬ ಹೆಸರಿದೆ. ಆದ್ದರಿಂದ ಅದು ಚರಿತ್ರೆಯಲ್ಲ. ಆದರೂ ಜನ ಆ ಕಥೆಯನ್ನು ಬಿಟ್ಟುಕೊಟ್ಟಿಲ್ಲ. ಹೊರಗಿನಿಂದ ಬಂದವನಿಗೆ ಏನು, ಎತ್ತ ಎಂದು ಕೇಳದೆ ಕಾಳು ಬಡಿಸಿದ ಊರು ಎನ್ನಿಸಿಕೊಳ್ಳುವುದು ಅವರಿಗೆ ಇಷ್ಟವಿರಬೇಕು.

ಇನ್ನು ಸಂಜೆಯ ಮಾತು. ಇದನ್ನು ಹೇಳಲು ಸ್ವಲ್ಪ ಸಂಕೋಚವಿದೆ. ವಾರಕ್ಕೊಂದು ಸಂಜೆ ಯಜಮಾನರು ಮಾಗಡಿ ರಸ್ತೆಯ ಮೇಲಿನ ಒಂದು ಬಾರಿಗೆ ಹೋಗುತ್ತಿದ್ದರು. ನಗರದ ಪೂರ್ವದಲ್ಲಿ, ಅಲ್ಲಿಯೇ ಬಿಯರು ತಯಾರಿಸಿ ಬಡಿಸುವ, ಗಾಜಿನ ಗೋಡೆಯ ಪಾನಗೃಹಗಳಿವೆ. ಮಗನ ಗೆಳೆಯರು ಹೋಗುವುದು ಅಲ್ಲಿಗೆ. ಇದು ಅಂಥದಲ್ಲ. ಮಂದ ದೀಪ, ರೆಕ್ಸಿನ್ನು ಹರಿದ ಕುರ್ಚಿ, ಉಪ್ಪು ಹಚ್ಚಿದ ಸೌತೆಕಾಯಿ, ಹುರಿದ ಕಡಲೆಬೀಜ. ನನ್ನನ್ನೂ ಒಮ್ಮೆ ಕರೆದರು. ನಾನು ಕುಡಿಯುವವನಲ್ಲ ಎಂದೆ. "ಕುಡೀಬೇಡಿ, ಕೂತ್ಕಳಿ" ಎಂದರು. 'ಯೆಂಡ್ಕುಡ್ಕ ರತ್ನ'ನನ್ನು ಸೃಷ್ಟಿಸಿದ ರಾಜರತ್ನಂ ಅವರು ತಾವು ಹೆಂಡ ಮುಟ್ಟಿದವರಲ್ಲ ಎಂಬುದನ್ನು ನೆನಪಿಸಿಕೊಂಡು, ಅವರ ಧೈರ್ಯವನ್ನು ಎರವಲು ಪಡೆದು, ನಿಂಬೆ ಸೋಡಾ ಹಿಡಿದು ಕುಳಿತೆ.

ಯಜಮಾನರ ಯೌವನದ ಕಾಲಕ್ಕೆ ಇಲ್ಲಿ ಈಚಲ ಮರದ ಹೆಂಡವಿತ್ತು. ಆಮೇಲೆ ಪ್ಯಾಕೆಟ್ಟಿನ ಸಾರಾಯಿ. ಹೆಂಡ ಈ ಸೀಮೆಯಿಂದ ಮೊದಲೇ ಹೋಯಿತು, ಸಾರಾಯಿಯನ್ನು ಸರಕಾರ 2007ರ ಜುಲೈಯಲ್ಲಿ ನಿಷೇಧಿಸಿತು. ಕುಡಿತ ಹೋಗಲಿಲ್ಲ, ದುಬಾರಿಯಾಗಿ ಬಾರಿನೊಳಗೆ ಬಂದು ಕುಳಿತಿತು. ಕತ್ತಲೆಗೆ ಕಣ್ಣು ಹೊಂದಿದ ಮೇಲೆ ನಾನು ಮಾತುಗಳನ್ನು ಕೇಳತೊಡಗಿದೆ. ಎಲ್ಲ ಮೇಜುಗಳಲ್ಲಿಯೂ ಒಂದೇ ವಿಷಯ: ಗುಂಟೆ, ಸೈಟು, ಖಾತೆ, ಕೋರ್ಟು. ಎಕರೆ ಮಾರಿ ಕಾರು ಕೊಂಡು, ಕಾರು ಮಾರಿ ಈಗ ಆಟೋ ಓಡಿಸುವವರೊಬ್ಬರನ್ನು ಯಜಮಾನರು ಕಣ್ಣಿನಲ್ಲೇ ತೋರಿಸಿದರು. ಅಲ್ಲಿ ಕುಳಿತವರಲ್ಲಿ ಅರ್ಧ ಜನ ನೆಲ ಕಳೆದುಕೊಂಡವರು, ಇನ್ನರ್ಧ ಜನ ಆ ನೆಲದ ಮೇಲೆ ಗೋಡೆ ಎಬ್ಬಿಸಲು ಬಂದವರು.

ಅಂದು ಜಾಗವಿಲ್ಲದೆ ನಮ್ಮ ಮೇಜಿಗೇ ಬಂದು ಕುಳಿತವನು ಯಾದಗಿರಿ ಕಡೆಯ ಗೌಂಡಿ. ನನ್ನ ಮಾತಿನ ಧಾಟಿ ಕೇಳಿ ಅವನಿಗೆ ಜೀವ ಬಂದಂತಾಯಿತು. ನಮ್ಮ ಬೀದಿಯ ಹೊಸ ಮೂರು ಮಹಡಿಯ ಮನೆ ತಾನೇ ಕಟ್ಟಿದ್ದೆಂದು ಹೆಮ್ಮೆಯಿಂದ ಹೇಳಿದ. ಯಜಮಾನರು ಲೋಟ ಕೆಳಗಿಟ್ಟರು. "ಅಡಿಪಾಯ ತೆಗೀವಾಗ ಒಂದು ಬಾವಿ ಸಿಕ್ತಾ?" ಎಂದು ಕೇಳಿದರು. "ಸಿಕ್ತ್ರಿ ಯಜಮಾನ್ರ. ಕಲ್ಲು ಕಟ್ಟಿದ ಚಲೋ ಬಾವಿ ಇತ್ತು. ಮುಚ್ಚಾಕ ಮನಸ್ಸಾಗಲಿಲ್ಲ. ಮಾಲಕರು ಹೇಳಿದ್ರು, ಮುಚ್ಚಿದಿವ್ರಿ" ಎಂದ ಅವನು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಯಜಮಾನರು ಕಡಲೆಬೀಜದ ತಟ್ಟೆಯನ್ನು ಅವನ ಕಡೆಗೆ ಸರಿಸಿದರು. "ತಗೋ. ನಮ್ಮಪ್ಪ ತೋಡಿಸಿದ್ದು" ಎಂದರು.

ಆ ರಾತ್ರಿ ಮನೆಗೆ ನಡೆದು ಬರುವಾಗ ನನಗೆ ಮುದ್ದೆಯ ಪಾಠ ಇನ್ನೊಂದು ಬಗೆಯಲ್ಲಿ ಹೊಳೆಯಿತು. ಬೆಂಗಳೂರು ಈ ಹಳ್ಳಿಯನ್ನು ಅಗಿದು ತಿಂದದ್ದಲ್ಲ, ನುಂಗಿದ್ದು. ಆದ್ದರಿಂದಲೇ ಅದು ಇನ್ನೂ ಪೂರ್ತಿ ಕರಗಿಲ್ಲ. ಮೂರು ಮಹಡಿಯ ಮನೆಗಳ ನಡುವೆ ಅರಳಿಕಟ್ಟೆ ಇದೆ, ಹೆಂಚಿನ ಮನೆ ಇದೆ, ಯುಗಾದಿಯ ಮಾರನೆಯ ದಿನ ವರ್ಷದ ತೊಡಕಿಗೆ ಮಾಂಸದಂಗಡಿಯ ಮುಂದೆ ಕೋಳಿ ಕೂಗುವ ಮೊದಲೇ ನಿಲ್ಲುವ ಸಾಲು ಇದೆ, ಮುಚ್ಚಿದ ಬಾವಿಯನ್ನು ಬಲ್ಲವರಿದ್ದಾರೆ. ನಾನೊಬ್ಬನೇ ಹೊಸ ಊರಿಗೆ ಬಂದವನು ಎಂದುಕೊಂಡು ಒಂದು ವರ್ಷ ಮುನಿಸಿನಿಂದ ಕುಳಿತಿದ್ದೆ. ನಾನಾದರೋ ಬಸ್ಸು ಹತ್ತಿ ಬಂದೆ. ನನಗೆ ಹಿಂತಿರುಗಿ ಹೋಗಲು ಗದಗು ಇದ್ದಲ್ಲಿಯೇ ಇದೆ. ಯಜಮಾನರು ಹುಟ್ಟಿದ ಮನೆಯ ಜಗುಲಿ ಬಿಟ್ಟು ಕದಲದೆಯೇ ಹೊಸ ಊರಿನವರಾಗಿದ್ದರು. ಹಿಂತಿರುಗಿ ಹೋಗಲು ಅವರಿಗೆ ಊರೇ ಇರಲಿಲ್ಲ.

2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಮೆಟ್ರೋದ ಮೂರನೆಯ ಹಂತಕ್ಕೆ ಒಪ್ಪಿಗೆ ಕೊಟ್ಟಿತು. ಹೊಸಹಳ್ಳಿಯಿಂದ ಕಡಬಗೆರೆಯವರೆಗೆ, ಮಾಗಡಿ ರಸ್ತೆಯ ಮೇಲೆ ಸುಮಾರು 12.5 ಕಿಲೋಮೀಟರಿನ ಮಾರ್ಗ. ಸುದ್ದಿ ಬಂದ ವಾರದಲ್ಲೇ ನಮ್ಮ ಬೀದಿಗೆ ಅಪರಿಚಿತರು ಕಾರಿನಲ್ಲಿ ಬಂದು ಅಳತೆಯ ಮಾತಾಡತೊಡಗಿದರು. ಯಜಮಾನರ ಮಕ್ಕಳು ಹೆಂಚಿನ ಮನೆಯನ್ನು ಮಾರಲು ನಿಶ್ಚಯಿಸಿದರು. ತಪ್ಪೆಂದು ನಾನು ಹೇಳಲಾರೆ, ಅವರಿಗೂ ಮಕ್ಕಳಿದ್ದಾರೆ. ಯಜಮಾನರು ತಮ್ಮ ಪಾಲಿನ ಹಣದಲ್ಲಿ ತಾವರೆಕೆರೆಯಿಂದಾಚೆ, ಮಾಗಡಿಯ ಕಡೆ, ಅವರೆ ಹಾಕುವಷ್ಟು ನೆಲವಿರುವ ಪುಟ್ಟ ಮನೆ ಕೊಂಡರು. ಹೊರಡುವ ದಿನ ಬೆಳಿಗ್ಗೆ ದರ್ಶಿನಿಯಲ್ಲಿ ಬೈಟು ಕುಡಿದೆವು. ಊರು ಬಿಟ್ಟು ಹೋಗುತ್ತೀರಲ್ಲ ಎಂದೆ. "ನಾನೆಲ್ಲಿ ಬಿಟ್ಟೆ ಮೇಷ್ಟ್ರೇ, ಅದೇ ಎದ್ದು ಹೋಯ್ತಲ್ಲ" ಎಂದರು. ಅವರು ಹೋದ ಮೇಲೆ ಕೆಲವು ದಿನ ನಾನು ಇಡೀ ಕಾಫಿ ಕುಡಿದೆ. ಅದು ಬೇಗ ಆರಿಹೋಗುತ್ತಿತ್ತು.

ಕಳೆದ ಪುಷ್ಯದಲ್ಲಿ ಅವರನ್ನು ನೋಡಲು ಹೊರಟೆ. ಗದುಗಿನ ಗೆಳೆಯನೊಬ್ಬ ಬಂದಿದ್ದ. ಬೆಂಗಳೂರು ತೋರಿಸು ಎಂದು ಹಟ ಹಿಡಿದಿದ್ದ. ಪೂರ್ವಕ್ಕೆ ಕರೆದೊಯ್ಯದೆ ಪಶ್ಚಿಮಕ್ಕೆ ಕರೆದೊಯ್ದೆ. ತಾವರೆಕೆರೆಯ ಕಡೆಯಿಂದ ಎಡಕ್ಕೆ ತಿರುಗಿ ಮೊದಲು ರಾಮೋಹಳ್ಳಿಯ ಹತ್ತಿರದ ದೊಡ್ಡ ಆಲದ ಮರಕ್ಕೆ ಹೋದೆವು. ಸುಮಾರು 400 ವರ್ಷದ್ದೆಂದು ಹೇಳುವ ಈ ಮರ ಮೂರು ಎಕರೆಗಳಷ್ಟು ಹರಡಿದೆ. ಕೋತಿಗಳ ಕಾಟವನ್ನು ಸಹಿಸಿಕೊಂಡು ಒಳಗೆ ಹೋಗಿ ತಾಯಿಕಾಂಡ ಎಲ್ಲಿ ಎಂದು ಗೆಳೆಯ ಹುಡುಕಿದ. ತಾಯಿಕಾಂಡವಿಲ್ಲ. ರೋಗ ತಗುಲಿ ಅದು ಸತ್ತು ಎಷ್ಟೋ ವರ್ಷವಾಯಿತು. ಮೇಲಿನಿಂದ ಇಳಿದ ಬಿಳಲುಗಳೇ ನೆಲ ಹಿಡಿದು, ದಪ್ಪನಾಗಿ, ಒಂದೊಂದೂ ಒಂದು ಮರವಾಗಿ ನಿಂತಿವೆ. ನೋಡಿದವರಿಗೆ ತೋಪು, ವಾಸ್ತವದಲ್ಲಿ ಒಂದೇ ಮರ. ಗೆಳೆಯ ಒಂದು ಬಿಳಲನ್ನು ತಟ್ಟಿ ನೋಡಿ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಅಲ್ಲಿಂದ ಮುಂದಿನ ದಾರಿ ರಮ್ಯವಾದದ್ದು. ಅರ್ಕಾವತಿಗೆ ಕುಮುದ್ವತಿ ಸೇರುವಲ್ಲಿ, ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಪೂರೈಸಿದ ಜಲಾಶಯವಿದೆ. 1974ರಲ್ಲಿ ಕಾವೇರಿ ಬರುವತನಕ ಬೆಂಗಳೂರಿನ ಬಾಯಾರಿಕೆಯ ಬಹುಭಾರ ಹೊತ್ತ ನೀರು ಅದು. ಅದೇ ಅರ್ಕಾವತಿಗೆ ಕೆಳಗೆ ಮಂಚನಬೆಲೆಯಲ್ಲಿ ಇನ್ನೊಂದು ಅಣೆಕಟ್ಟು. ಮುಂದೆ ಸಾವನದುರ್ಗ: 1,226 ಮೀಟರು ಎತ್ತರಕ್ಕೆ ಎದ್ದ ಒಂದೇ ಬಂಡೆ. ಕೆಂಪೇಗೌಡರ ವಂಶದವರು ಆಳಿದ, 1791ರಲ್ಲಿ ಕಾರ್ನವಾಲಿಸನ ಸೈನ್ಯ ಟಿಪ್ಪುವಿನಿಂದ ಗೆದ್ದ ದುರ್ಗ ಅದು. ನಾವು ಹತ್ತಲಿಲ್ಲ. ಬುಡದಲ್ಲಿ ನರಸಿಂಹನ ಗುಡಿಯ ಮುಂದೆ ಕುಳಿತು, ಹತ್ತುವ ಹುಡುಗರನ್ನು ನೋಡುತ್ತ ಕಡಲೆಕಾಯಿ ತಿಂದೆವು. ನಮ್ಮ ವಯಸ್ಸಿಗೆ ಅಷ್ಟೇ ಪರ್ವತಾರೋಹಣ.

ಯಜಮಾನರ ಮನೆ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಅಂಗಳದಲ್ಲಿ ಅವರೆಯ ಸಿಪ್ಪೆಯ ರಾಶಿ. ಮನೆಯಾಕೆ ಮುದ್ದೆಯೂ ಹಿತಕಿದ ಬೇಳೆಯ ಸಾರೂ ಬಡಿಸಿದರು. ಗೆಳೆಯ ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದ. "ಅಗೀಬ್ಯಾಡೋ, ನಂಬಿ ನುಂಗು" ಎಂದೆ. ಯಜಮಾನರು ನನ್ನ ಕಡೆ ನೋಡಿ ಮೀಸೆಯಲ್ಲಿ ನಕ್ಕರು.

ಊಟವಾದ ಮೇಲೆ ಜಗುಲಿಗೆ ಬಂದೆವು. ಯಜಮಾನರಿಗೆ ಹೊಸ ಹಳ್ಳಿಯಲ್ಲಿ ಇನ್ನೂ ಯಾರ ಪರಿಚಯವೂ ಅಷ್ಟಾಗಿ ಆಗಿರಲಿಲ್ಲ. ಇಲ್ಲಿಯವರು ಒಳ್ಳೆಯವರೇ, ಆದರೆ ಸಾರಿಗೆ ಹುಳಿ ಸ್ವಲ್ಪ ಜಾಸ್ತಿ ಹಾಕುತ್ತಾರೆ ಎಂದರು. ನನಗೆ ನಗುವೂ ಬಂದಿತು, ಹೊಟ್ಟೆಯಲ್ಲಿ ಚುರುಕ್ಕೆಂದಿತು ಕೂಡ. ಆಮೇಲೆ ಎಲೆಯಡಿಕೆಯ ಚೀಲ ಬಿಚ್ಚುತ್ತ, ತಲೆ ತಗ್ಗಿಸಿಯೇ, "ಊರಲ್ಲಿ ಹೆಂಗೈತೆ ಮೇಷ್ಟ್ರೇ?" ಎಂದು ಕೇಳಿದರು.

ನಾನು ಹೇಳತೊಡಗಿದೆ. ಅರಳಿಕಟ್ಟೆಗೆ ಸುಣ್ಣ ಬಳಿದಿದ್ದಾರೆ ಎಂದೆ. ಹೆಂಚಿನ ಮನೆಯನ್ನು ಇನ್ನೂ ಕೆಡವಿಲ್ಲ, ಜಗುಲಿಯ ಮೇಲೆ ಸಂಜೆ ಗೌಂಡಿಗಳ ಮಕ್ಕಳು ಆಡುತ್ತವೆ ಎಂದೆ. ದರ್ಶಿನಿಯಲ್ಲಿ ಕಾಫಿಯ ಬೆಲೆ ಏರಿದೆ, ಯಾದಗಿರಿಯವನು ಕಂಡಾಗಲೆಲ್ಲ ನಿಮ್ಮನ್ನು ಕೇಳುತ್ತಾನೆ, ಹೇರೋಹಳ್ಳಿ ಕೆರೆಯ ಏರಿಯ ಮೇಲೆ ನಾನು ದಿನಾ ನಡೆಯುತ್ತೇನೆ ಎಂದೆಲ್ಲ ಹೇಳಿದೆ. ಅವರು ಪ್ರತಿಯೊಂದಕ್ಕೂ ತಲೆಯಾಡಿಸಿ, ಮತ್ತೆ ಮತ್ತೆ ಕೇಳಿದರು. ಗದುಗಿನ ಗೆಳೆಯ ನಮ್ಮಿಬ್ಬರನ್ನೂ ನೋಡುತ್ತ ಸುಮ್ಮನೆ ಕುಳಿತಿದ್ದ. ಹೊರಡುವಾಗ ಯಜಮಾನರು ಒಂದು ಚೀಲ ಅವರೆಕಾಯಿ ತಂದು ನನ್ನ ಕೈಗೆ ಕೊಟ್ಟು, "ಊರಿಗೆ ತಗೊಂಡೋಗಿ" ಎಂದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಇಳಿಯುವಷ್ಟರಲ್ಲಿ ಅಂಗಿಗೂ ಕೈಗೂ ಸೊಗಡು ಹತ್ತಿತ್ತು.